ದಿಡ್ಡಿಯ ಅಳತೆ

ಕೋಟೆಗೋಡೆಯ ದಿಡ್ಡಿ ಬಾಗಿಲಿಗೆ ಅಡ್ಡಗಲ್ಲು ಕೂತಿತು. ಹಗ್ಗ ಎಳೆದವರ ಅಂಗೈ ಕಿತ್ತುಹೋಗಿತ್ತು. ಹಾರೆ ಕೊಟ್ಟವರ ಕಾಲು ನಡುಗುತ್ತಿತ್ತು. ಮುನಾವರ್ ಪಾಷಾ ಮೇಸ್ತ್ರಿ ರಸಮಟ್ಟ ಇಟ್ಟು ನೋಡಿ, ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿ, "ಬಸ್, ಬಿಡ್ರಪ್ಪಾ" ಅಂದ.

ಗಾರೆ ಬಾಂಡ್ಲಿ ಹೊತ್ತು ನಿಂತಿದ್ದ ಮುತ್ಯಾಲಮ್ಮ ಆ ಬಾಗಿಲನ್ನು ನೋಡಿದಳು. ಬಾಂಡ್ಲಿ ಇಳಿಸದೆ ಅದರೊಳಗೆ ಹೋದಳು. ಹೊರಗೆ ಬಂದಳು. ಮತ್ತೆ ಹೋದಳು. ಅಭ್ಯಾಸಬಲದಿಂದ ಕುತ್ತಿಗೆ ತಾನಾಗಿ ಬಗ್ಗಿತು, ಗಾರೆ ತುಳುಕಿ ಭುಜದ ಮೇಲೆ ಬಿತ್ತು. ಬಗ್ಗುವ ಅಗತ್ಯವೇ ಇರಲಿಲ್ಲ. ತಲೆಯ ಮೇಲೆ ಬಾಂಡ್ಲಿ, ಬಾಂಡ್ಲಿಯ ಮೇಲೆ ಇನ್ನೂ ಒಂದು ಗೇಣು ಜಾಗವಿತ್ತು.

"ಏನಮ್ಮಾ, ಗಾರೆ ಕೊಡೋದ್ ಬಿಟ್ಟು ಪ್ರದಕ್ಷಿಣೆ ಹಾಕ್ತಾ ಇದೀಯ?" ಅಂದ ಪಾಷಾ.

"ದಿಡ್ಡಿ ಇಷ್ಟೆತ್ತರ ಮಾಡಿದೀರಲ್ಲ ಸಾಬ್ರೇ."

"ಮನುಷ್ಯರು ಓಡಾಡೋ ಬಾಗ್ಲು ಅಂದ್ರು. ಮನುಷ್ಯರ ಎತ್ತರಕ್ಕೆ ಕೂರ್ಸಿದೆ. ತಪ್ಪಾಯ್ತಾ?"

ಪಾಷಾ ದೇವನಹಳ್ಳಿಯವನು. ಮಸೀದಿ, ಮನೆ, ಮದುವೆ ಛತ್ರ ಎಲ್ಲ ಕಟ್ಟಿದ ಕೈ. ಮನುಷ್ಯರನ್ನು ಬಗ್ಗಿಸಲೆಂದೇ ಒಂದು ಬಾಗಿಲು ಇರಬಹುದು ಎಂಬುದು ಆ ಪುಣ್ಯಾತ್ಮನ ತಲೆಗೆ ಹೊಳೆದೇ ಇಲ್ಲ. ಮುತ್ಯಾಲಮ್ಮನಿಗೆ ಒಳಗೊಳಗೇ ನಗು ಬಂತು. ಹಿಂದೆಯೇ ಹೆದರಿಕೆಯೂ ಬಂತು. ಇದನ್ನು ನೋಡಬೇಕಾದವರು ಇನ್ನೂ ನೋಡಿಲ್ಲ.

ಊಟದ ಹೊತ್ತಿಗೆ ಅವರು ಬಂದರು. ಪಟೇಲರ ಮನೆಯ ಆದಿನಾರಾಯಣಪ್ಪ ಮುಂದೆ, ಬಿಳಿ ಪಂಚೆ ಬಿಳಿ ಶರ್ಟು. ಹಿಂದೆ ರೆಸಾರ್ಟ್ ಕಂಪನಿಯ ಉಸ್ತುವಾರಿ ಉಮಾಶಂಕರ್, ತಲೆಗೆ ಹಳದಿ ಹೆಲ್ಮೆಟ್ಟು. ಆದಿನಾರಾಯಣಪ್ಪ ದಿಡ್ಡಿಯ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದ.

"ಇದೇನಯ್ಯಾ ಮೇಸ್ತ್ರಿ? ದಿಡ್ಡಿ ಬಾಗ್ಲು ಮಾಡು ಅಂದ್ರೆ ಕಲ್ಯಾಣ ಮಂಟಪದ ಬಾಗ್ಲು ಮಾಡಿ ಕೂರ್ಸಿದೀಯಲ್ಲ! ಯಾರಿಗೆ ಹೇಳ್ ಮಾಡ್ದೆ? ಇಳ್ಸು ಇದನ್ನ."

"ಎಷ್ಟಕ್ಕೆ ಇಳಿಸ್ಲಿ ಸಾಬ್?"

ಎಷ್ಟಕ್ಕೆ ಎಂದು ಯಾರಿಗೂ ಗೊತ್ತಿಲ್ಲ. ಹಳೆಯ ಅಡ್ಡಗಲ್ಲು ಮುರಿದು ಕಾಣೆಯಾಗಿ ವರ್ಷಗಳಾಗಿವೆ. ಹಳೆಯ ನಿಲುವುಗಲ್ಲುಗಳಲ್ಲಿ ಉಳಿದದ್ದು, ಹೊಸದರ ಪಕ್ಕದಲ್ಲಿ, ಮೊಣಕಾಲೆತ್ತರದ ಮೋಟು ಮಾತ್ರ. ಉಮಾಶಂಕರ್ ಫೋನು ತೆಗೆದು, "ಹಳೇ ಫೋಟೋ ಏನಾದ್ರೂ ಸಿಗುತ್ತಾ ಸರ್? ನಮಗೆ ಒರಿಜಿನಲ್ ಹೈಟೇ ಬೇಕು" ಅಂದ.

"ಫೋಟೋ ಯಾಕ್ರೀ? ಅಳತೆಗೋಲು ಇಲ್ಲೇ ನಿಂತದಲ್ಲ." ಆದಿನಾರಾಯಣಪ್ಪ ಕಾರಿನ ಕೀಲಿ ಹಿಡಿದ ಕೈಯನ್ನು ಮುತ್ಯಾಲಮ್ಮನ ಕಡೆ ಚಾಚಿದ. "ಲೇ ಮುತ್ಯಾಲಿ, ಬಾರೆ ಇಲ್ಲಿ. ಆಗ ಎಷ್ಟು ಬಗ್ಗಿ ಬರ್ತಿದ್ರೋ ಅಷ್ಟು ಬಗ್ಗು. ಮೇಸ್ತ್ರಿ, ಅವಳ ಬೆನ್ನ ಮೇಲೆ ಟೇಪ್ ಹಿಡಿ."

*

ಸೊಣ್ಣಕೋಟೆಯನ್ನು ಕೋಟೆ ಅಂತ ಕರೆಯಬೇಕಾದರೆ ಬಾಯಿ ಸ್ವಲ್ಪ ದೊಡ್ಡದಿರಬೇಕು. ಒಂದು ಹೆಬ್ಬಾಗಿಲು, ಅದರ ಎರಡು ಕಡೆ ಅರ್ಧ ಕುಸಿದ ಬುರುಜು, ಜಾಲಿ ಬೆಳೆದ ಕಂದಕ, ಒಳಗೆ ಕೋಟೆಮ್ಮನ ಗುಡಿ. ಐನೂರು ವರ್ಷದ ಹಿಂದೆ ಸೊಣ್ಣೇಗೌಡನೆಂಬ ಪಾಳೇಗಾರ ಕಟ್ಟಿಸಿದನಂತೆ. ಅವನು ಕಟ್ಟಿಸಿದ, ಅಷ್ಟೆ. ಕಟ್ಟಿದವರು ಬೇರೆ. ಕೆರೆಯಂಗಳದ ಮಣ್ಣು ಅಗೆದು, ತುಳಿದು, ಮಂಕರಿಯಲ್ಲಿ ಹೊತ್ತು ಗೋಡೆ ಏರಿಸಿದವರು ಕಂದಕದ ಆಚೆ ಗುಡಿಸಲು ಹಾಕಿಕೊಂಡಿದ್ದವರು. ಗೋಡೆ ಆಳೆತ್ತರ ದಾಟಿದ ಮೇಲೆ ಅವರನ್ನು ಹೊರಗೆ ಬಿಟ್ಟು ಹೆಬ್ಬಾಗಿಲು ಮುಚ್ಚಿಕೊಂಡರು.

ಆದರೆ ಒಳಗೆ ದನ ಸಾಯುತ್ತದೆ. ಕೊಟ್ಟಿಗೆಯಲ್ಲಿ ಸಗಣಿ ತುಂಬುತ್ತದೆ. ಅದನ್ನೆಲ್ಲ ಎತ್ತಿ ಹಾಕಲು ಹೊರಗಿನವರೇ ಬೇಕು. ಅದಕ್ಕೆ ಗೋಡೆಯಲ್ಲಿ ಒಂದು ದಿಡ್ಡಿ ಬಿಟ್ಟರು. ಬೇರೆ ಕೋಟೆಗಳಲ್ಲಿ ದಿಡ್ಡಿ ಇರುವುದು ಹೆಬ್ಬಾಗಿಲು ಮುಚ್ಚಿದ ಮೇಲೆ ಬಂದವರನ್ನು ಒಳಗೆ ಬಿಟ್ಟುಕೊಳ್ಳಲು. ಸೊಣ್ಣಕೋಟೆಯ ದಿಡ್ಡಿ ಒಂದು ಕೇರಿಯವರಿಗೆಂದೇ ಇದ್ದದ್ದು. ನೆಟ್ಟಗೆ ನಿಂತು ಬರಬಾರದು ಎಂದೇ ಅದನ್ನು ಗಿಡ್ಡ ಮಾಡಿದ್ದರು.

ಆಮೇಲೆ ಯಾವುದೋ ದಂಡು ಬಂತು, ಫಿರಂಗಿ ಹಾರಿತು, ಪಾಳೇಗಾರ ಸತ್ತ. ಹೆಬ್ಬಾಗಿಲ ಕದ ಸೌದೆಯಾಯಿತು. ಗೋಡೆಯ ಕಲ್ಲು ಊರವರ ಮನೆಗಳ ಪಾಯಕ್ಕೆ ಹೋಯಿತು. ಪಟೇಲರ ಮನೆಯ ಮೆಟ್ಟಿಲಿಗೆ ಹೋಯಿತು. ದಿಡ್ಡಿಯ ಪಕ್ಕದಲ್ಲೇ ಗೋಡೆ ಬಿದ್ದು ಎತ್ತಿನ ಗಾಡಿ ಹೋಗುವಷ್ಟು ಕಿಂಡಿಯಾಯಿತು. ಆಡು ಆ ಕಡೆಯಿಂದ ಹೋಗುತ್ತಿದ್ದವು. ಹಂದಿ ಹೋಗುತ್ತಿದ್ದವು. ಊರ ನಾಯಿ ಹೆಬ್ಬಾಗಿಲಲ್ಲಿ ಬಾಲ ಎತ್ತಿಕೊಂಡು ಹೋಗುತ್ತಿತ್ತು. ಕೇರಿಯವರು ಮಾತ್ರ ದಿಡ್ಡಿಯಲ್ಲಿ ಬಗ್ಗಿ ಬರಬೇಕು. ಕೋಟೆಯೇ ಬಿದ್ದುಹೋದರೂ ಆ ಒಂದು ಬಾಗಿಲು ಬೀಳಲಿಲ್ಲ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಕೇರಿಗೆ ಈಗ ಭೀಮನಗರ ಎಂಬ ಬೋರ್ಡಿದೆ. ಊರವರ ಬಾಯಲ್ಲಿ ಅದು ಹೊಲಗೇರಿ. ಇನ್ನೂ ಹಗುರ ಮಾಡಬೇಕಾದರೆ 'ದಿಡ್ಡಿಯೋರು' ಅನ್ನುತ್ತಾರೆ.

ಕೋಟೆಮ್ಮನಿಗೆ ತಂಬಿಟ್ಟಿನ ಆರತಿ ಆಗುವ ದಿನ ಪಟೇಲರ ಮನೆಯ ಹೆಂಗಸರು ದೀಪದ ತಟ್ಟೆಯನ್ನು ತಲೆಯ ಮೇಲೆ ಹೊತ್ತು ಹೆಬ್ಬಾಗಿಲಲ್ಲಿ ಬರುತ್ತಿದ್ದರು. ಕೇರಿಯ ಹೆಂಗಸರು ದಿಡ್ಡಿಯ ಮುಂದೆ ತಟ್ಟೆ ಇಳಿಸಬೇಕು. ಮೊದಲು ಅದನ್ನು ನೆಲದ ಮೇಲೆ ಒಳಕ್ಕೆ ಜರುಗಿಸಬೇಕು. ಆಮೇಲೆ ಒಂದು ಮೊಣಕಾಲು ಊರಿ, ಅಂಗೈ ಊರಿ, ತಲೆ ತೂರಿಸಬೇಕು. ಆಗ ಅಡ್ಡಗಲ್ಲು ಬೆನ್ನುಮೂಳೆಯನ್ನು ಸವರುತ್ತಿತ್ತು. ಎಷ್ಟು ಬೆನ್ನು ಸವರಿತ್ತೋ, ಕಲ್ಲಿನ ಒಳಮೈ ನುಣ್ಣಗಾಗಿತ್ತು. ಮುತ್ಯಾಲಮ್ಮ ತುಂಬು ಬಸುರಿಯಾಗಿದ್ದಾಗ ಬಗ್ಗಲು ಆಗಲಿಲ್ಲ. ಕೂತುಕೊಂಡು, ಹೊಟ್ಟೆ ಹಿಡಿದುಕೊಂಡು, ಕುಂಡೆಯ ಮೇಲೆ ತೆವಳಿ ಒಳಗೆ ಬಂದಳು. ಹೆಬ್ಬಾಗಿಲ ಕಡೆಯಿಂದ ಯಾರೋ ಕಿಸಕ್ಕೆಂದು ನಕ್ಕರು. ಆ ನಗು ಇವತ್ತಿಗೂ ಅವಳ ಕಿವಿಯಲ್ಲಿದೆ.

ಆ ಬಸುರಿನಲ್ಲಿ ಹುಟ್ಟಿದವಳು ಅಕ್ಷತ. ಅವಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ ದೇವನಹಳ್ಳಿಯ ಪಕ್ಕದಲ್ಲಿ ವಿಮಾನ ಇಳಿಯಲು ಶುರುವಾಯಿತು. ಆ ವರ್ಷದ ಮಳೆಗೆ ದಿಡ್ಡಿಯ ಅಡ್ಡಗಲ್ಲು ನಿಲುವುಗಲ್ಲುಗಳ ಸಮೇತ ಮುರಿದು ಬಿತ್ತು. ವಿಮಾನದ ಸದ್ದಿಗೆ ಬಿತ್ತು ಎಂದು ಕೆಲವರು ಅಂದರು. ಯಾರೂ ಹೋರಾಡಲಿಲ್ಲ, ಯಾರೂ ಅರ್ಜಿ ಕೊಡಲಿಲ್ಲ. ಮಳೆ ಮುರಿಯಿತು, ಅಷ್ಟೆ. ಅಲ್ಲಿಂದ ಕೇರಿಯವರು ಆ ಸಂದಿಯಲ್ಲಿ ನೆಟ್ಟಗೆ ನಡೆದು ಹೋದರು. ಊರ ದೊಡ್ಡವರಿಗೆ ಕೇಳಲು ಪುರುಸೊತ್ತಿರಲಿಲ್ಲ. ಅವರೆಲ್ಲ ಜಮೀನಿನ ದಲ್ಲಾಳಿಗಳ ಕಾರು ಹತ್ತಿ ರಿಜಿಸ್ಟ್ರಾರ್ ಆಫೀಸಿಗೆ ಓಡಾಡುತ್ತಿದ್ದರು. ಅಕ್ಷತ ದಿಡ್ಡಿಯಲ್ಲಿ ಒಂದು ಸಲವೂ ಬಗ್ಗದೆ ಬೆಳೆದಳು.

ಮುತ್ಯಾಲಮ್ಮನ ಮೈ ಮಾತ್ರ ಮರೆಯಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಸ್ವಲ್ಪ ಕಾಲ ಏರ್‌ಪೋರ್ಟಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು. ತೆಂಗಿನಮರದೆತ್ತರದ ಗಾಜಿನ ಬಾಗಿಲು. ಅಲ್ಲೂ ತಲೆ ಬಗ್ಗಿಸಿಯೇ ಒಳಗೆ ಹೋಗುತ್ತಿದ್ದಳು. "ಯಾಕಮ್ಮಾ, ಆಕಾಶ ತಲೆಗೆ ತಾಗುತ್ತಾ?" ಅಂತ ಸೂಪರ್‌ವೈಸರು ನಗುತ್ತಿದ್ದ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮಗಳ ಕಾಲೇಜಿನ ಬಾಗಿಲಲ್ಲಿ ಕೂಡ ಅದೇ. ಕಾಲೇಜಿನಲ್ಲಿ ಅಕ್ಷತ ಮುಖ ಕೆಂಪಗೆ ಮಾಡಿಕೊಂಡು ತಾಯಿಯ ಜಡೆ ಹಿಡಿದು ತಲೆ ಮೇಲೆತ್ತಿದ್ದಳು.

ಈಗ ಬೆಂಗಳೂರಿನ ಕಂಪನಿಯೊಂದು ಕೋಟೆಯನ್ನು ಭೋಗ್ಯಕ್ಕೆ ತೆಗೆದುಕೊಂಡಿದೆ. ಕೋಟೆ ಇದ್ದ ಜಾಗ ಪಟೇಲರ ಹಿಡುವಳಿ, ಕೇಳುವವರಿಲ್ಲ. ವಿಮಾನ ಇಳಿದ ದೊಡ್ಡ ಮನುಷ್ಯರು ಎರಡು ದಿನ ತಂಗಿ ಪಾಳೇಗಾರರ ಹಾಗೆ ಉಂಡು ಹೋಗುವ ರೆಸಾರ್ಟು. ಕಾರುಗಳು ಹೆಬ್ಬಾಗಿಲಲ್ಲಿ ಬರುತ್ತವೆ. ಅವರನ್ನು ಎದುರುಗೊಳ್ಳಲು ಸೀರೆ ಉಟ್ಟ ಹುಡುಗಿಯರು ದೀಪದ ತಟ್ಟೆ ಹಿಡಿದು ದಿಡ್ಡಿಯಿಂದ ಬಗ್ಗಿ ಬರುತ್ತಾರೆ. ಇದು ಆದಿನಾರಾಯಣಪ್ಪನ ಸಲಹೆ. ಉಮಾಶಂಕರನಿಗೆ ಕೇಳಿದ ತಕ್ಷಣ ಹಿಡಿಸಿತು. ದಿಡ್ಡಿಗೆ 'ವಿನಯ ದ್ವಾರ' ಅಂತ ಹೆಸರೂ ಇಟ್ಟ. ಹಿಂದಿನವರು ತಲೆಬಾಗಿ ಒಳಗೆ ಬರುತ್ತಿದ್ದ ಸಂಸ್ಕೃತಿಯ ಬಾಗಿಲು ಎಂದು ಬೋರ್ಡು ಬರೆಸಿದ. ತಲೆಬಾಗಿದವರು ಯಾರು ಎಂದು ಬೋರ್ಡಿನಲ್ಲಿ ಇಲ್ಲ.

ಆ ಕೆಲಸಕ್ಕೆ ಆರಿಸಿದ ಹುಡುಗಿಯರಲ್ಲಿ ಅಕ್ಷತ ಒಬ್ಬಳು. ಡಿಗ್ರಿ ಮುಗಿಸಿ ಕೂತಿದ್ದವಳಿಗೆ ಸಿಕ್ಕ ಮೊದಲ ಕೆಲಸ.

*

"ಬಾರೆ ಅಂದ್ರೆ! ಕಿವಿ ಕೇಳ್ಸಲ್ವಾ?" ಅಂದ ಆದಿನಾರಾಯಣಪ್ಪ.

ಮುತ್ಯಾಲಮ್ಮ ಬಾಂಡ್ಲಿ ಇಳಿಸಿದಳು. ದಿಡ್ಡಿಯ ಹತ್ತಿರ ಹೋದಳು. ಪಾಷಾ ಟೇಪು ಹಿಡಿದು ನಿಂತಿದ್ದ. ಅವನಿಗೆ ಈಗ ಅರ್ಥವಾಗುತ್ತಿತ್ತು. ಟೇಪಿನ ನಾಲಿಗೆಯನ್ನು ಎಳೆಯುತ್ತಿದ್ದ, ಬಿಡುತ್ತಿದ್ದ.

ಅವಳ ಸೊಂಟ ಬಗ್ಗಲು ಸಿದ್ಧವಾಗಿಯೇ ಇತ್ತು. ಅದೇ ಅವಳಿಗೆ ಸಿಟ್ಟು ತರಿಸಿತು. ಯಾರೋ ಒಂದು ಕೂಗು ಹಾಕಿದರೆ ಈ ಮೈ ತನ್ನ ಮಾತು ಕೇಳದೆ ಅವರ ಮಾತು ಕೇಳುತ್ತದೆ. ತಾನು ಇವತ್ತು ಎಷ್ಟು ಬಗ್ಗುತ್ತೇನೋ ಅಷ್ಟಕ್ಕೆ ಕಲ್ಲು ಕೂರುತ್ತದೆ. ಆ ಕಲ್ಲಿನ ಕೆಳಗೆ ಮಗಳು ದಿನಾ ತೂರಬೇಕು. ಅವಳು ನಿಲುವುಗಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಒಂದ್ ನಿಮಿಷದ ಕೆಲ್ಸ ಅಮ್ಮ. ಟೇಪ್ ಹಿಡಿದು ಬಿಟ್ಬಿಡ್ತಾರೆ. ನಿಮ್ಗೇನೂ ತೊಂದ್ರೆ ಇಲ್ಲ" ಅಂದ ಉಮಾಶಂಕರ್, ಬಹಳ ಮೃದುವಾಗಿ. ಪಟೇಲನ ಬೈಗುಳಕ್ಕಿಂತ ಈ ಮೃದು ಮಾತೇ ಅವಳನ್ನು ಹೆಚ್ಚು ಸುಟ್ಟಿತು.

"ಬಗ್ಗಕ್ಕಾಗಲ್ಲ."

"ಯಾಕೆ, ಸೊಂಟ ಹಿಡ್ಕೊಂಡಿದ್ಯಾ?" ಅಂದ ಆದಿನಾರಾಯಣಪ್ಪ.

"ಸೊಂಟ ಚೆನ್ನಾಗೈತೆ ಪಟೇಲ್ರೇ. ಬಗ್ಗಲ್ಲ."

ಗಾರೆ ಕಲಸುತ್ತಿದ್ದ ಹೆಂಗಸರು ಸಲಿಕೆ ನಿಲ್ಲಿಸಿದರು. ಆದಿನಾರಾಯಣಪ್ಪ ಅವಳ ಹತ್ತಿರಕ್ಕೆ ಬಂದ, ಮುಟ್ಟದಷ್ಟು ದೂರದಲ್ಲಿ ನಿಂತ. ದನಿ ಇಳಿಸಿ ಹೇಳಿದ: "ನಿನ್ ಮಗಳು ಒಳಗೆ ಟ್ರೈನಿಂಗಲ್ಲಿದಾಳೆ. ಜ್ಞಾಪಕ ಇರ್ಲಿ. ನೀನ್ ಬಗ್ದಿದ್ರೆ ನಿಮ್ಮತ್ತೆ ಪಿಳ್ಳಿ ಇದಾಳೆ. ಅವಳು ನಿನಗಿಂತ ಜಾಸ್ತಿ ಓಡಾಡಿದೋಳು. ಬೆಳಿಗ್ಗೆ ಕರ್ಕೊಂಡ್ ಬಾ."

*

ಮನೆಗೆ ಬಂದ ಮುತ್ಯಾಲಮ್ಮ ಕೂರಲಿಲ್ಲ. ಒಲೆ ಹಚ್ಚಿದಳು, ಆರಿಸಿದಳು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದಳು. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಸೂರಿನ ಶೀಟು ನಡುಗುತ್ತಿತ್ತು.

ಅತ್ತೆ ಪಿಳ್ಳಮ್ಮ ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅವಳ ಬೆನ್ನು ಯಾವತ್ತೋ ಗೂನಾಗಿ ಹಾಗೇ ನಿಂತುಬಿಟ್ಟಿದೆ. ಯಾರ ಮುಖ ನೋಡಬೇಕಾದರೂ ಕತ್ತು ಓರೆ ಮಾಡಬೇಕು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವಳು ಕೂತಿದ್ದ ಕಲ್ಲನ್ನು ಅಂಗೈಯಿಂದ ತಟ್ಟಿದಳು.

ಆ ಕಲ್ಲು ಯಾವುದೆಂದು ಇಬ್ಬರಿಗೂ ಗೊತ್ತು. ಮುರಿದ ದಿಡ್ಡಿಯ ನಿಲುವುಗಲ್ಲಿನ ತುಂಡು, ಒಂದು ಮಗ್ಗುಲಲ್ಲಿ ಕೆತ್ತನೆ. ಮಳೆ ಬಿದ್ದ ವಾರವೇ ಮುತ್ಯಾಲಮ್ಮನ ಗಂಡ ಅದನ್ನು ಉರುಳಿಸಿಕೊಂಡು ಬಂದಿದ್ದ. ಕೋಟೆಯಲ್ಲಿ ಉಳಿದ ಮೋಟಿನ ಮೇಲೆ ಇದನ್ನು ನಿಲ್ಲಿಸಿದರೆ ಸಾಕು, ಯಾರನ್ನೂ ಬಗ್ಗಿಸದೆ ಅಳತೆ ಸಿಗುತ್ತದೆ. ಇಷ್ಟು ವರ್ಷ ಮುತ್ಯಾಲಮ್ಮ ಪಟೇಲರ ಮೇಲಿನ ಸಿಟ್ಟನ್ನೆಲ್ಲ ಅದೇ ಕಲ್ಲಿನ ಮೇಲೆ ಬಟ್ಟೆ ಬಡಿದು ತೀರಿಸಿಕೊಂಡಿದ್ದಾಳೆ.

"ಕೆತ್ತನೆ ಇರೋ ಮಗ್ಗುಲು ಕೆಳಕ್ಕೆ ಮಾಡಿ ಹೂತ್ಬಿಡೇ, ಯಾರಿಗೂ ಗುರ್ತು ಸಿಗ್ಬಾರ್ದು" ಅಂದಳು ಪಿಳ್ಳಮ್ಮ.

ಇಬ್ಬರೂ ಸೇರಿ ಹಾರೆ ಹಾಕಿ ಕಲ್ಲನ್ನು ಮಗುಚಿ ಅರ್ಧಕ್ಕೆ ಹೂತರು. ಅಷ್ಟರಲ್ಲಿ ಅಕ್ಷತ ಬಂದಳು. ಕಂಪನಿ ಕೊಟ್ಟ ಜರಿಯಂಚಿನ ಸೀರೆ, ಎದೆಯ ಮೇಲೆ 'ಅತಿಥಿ ಸಖಿ' ಎಂಬ ಬಿಲ್ಲೆ.

"ಅಮ್ಮ, ಎಲ್ರ ಮುಂದೆ ಪಟೇಲ್ರ ಹತ್ರ ಜಗಳ ಆಡಿದ್ಯಂತೆ?"

"ಜಗಳ ಆಡ್ಲಿಲ್ಲ. ಬಗ್ಗಲ್ಲ ಅಂದೆ."

"ಬಗ್ಗಿದ್ರೆ ಏನಾಗ್ತಿತ್ತು? ಈಗ ಯಾರು ಜಾತಿ ನೋಡ್ತಾರಮ್ಮ? ಅದು ಆಕ್ಟಿಂಗ್ ಥರ. ನಾನೂ ಬಗ್ತೀನಿ, ಕೆಲ್ಸ ತಾನೆ, ಸಂಬಳ ಕೊಡ್ತಾರೆ. ನಿಮ್ ಕಾಲದ್ದನ್ನೇ ಇಟ್ಕೊಂಡು ನನ್ನ ಕೆಲ್ಸ ಕಳೀಬೇಡ."

ಮುತ್ಯಾಲಮ್ಮ ಹಾರೆ ಬಿಸಾಡಿದಳು. "ಆ ಹುಡ್ಗೀರಲ್ಲಿ ಪಟೇಲ್ರ ಮನೆ ಹುಡ್ಗಿ ಒಬ್ಳಾದ್ರೂ ಇದಾಳಾ? ಹೇಳು. ಊರಿನ ಒಬ್ಳಾದ್ರೂ ಇದಾಳಾ?"

ಆರಿಸಿದ ಹುಡುಗಿಯರೆಲ್ಲ ಭೀಮನಗರದವರೇ. ಅಕ್ಷತಳಿಗೆ ಅದು ಹೊಳೆದಿರಲಿಲ್ಲ.

"ಬಗ್ಗೋ ಆಕ್ಟಿಂಗ್ ನಮಗೇ ಯಾಕ್ ಕೊಟ್ರು ಅಂತ ಕೇಳಿದ್ಯಾ? ನಿನ್ನ ಹೊಟ್ಟೇಲಿ ಇಟ್ಕೊಂಡು ನಾನು ಆ ಕಲ್ಲಿನ ಕೆಳಗೆ ತೆವಳಿದೀನಿ. ನೀನ್ ಒಬ್ಳು ಬಗ್ಗಿಲ್ಲ ಅಂತ ನಾನು ಇಷ್ಟು ದಿನ ಅನ್ನ ತಿಂದಿದೀನಿ ಕಣೆ."

ಅಕ್ಷತ ದಡದಡ ಒಳಗೆ ಹೋದಳು. ಆದರೆ ಸೀರೆ ಬಿಚ್ಚಿ ಮಡಿಸುವಾಗ ಅವಳ ಮೂಗು ಸೊರಗುಟ್ಟುತ್ತಿತ್ತು.

"ನಾಳೆ ನಾನ್ ಹೋಗ್ತೀನಿ" ಅಂದಳು ಪಿಳ್ಳಮ್ಮ ಅಂಗಳದಿಂದ.

"ಹೋಗಿ ಬಗ್ಗಿ ತೋರ್ಸ್ತೀಯಾ ಅತ್ತೆ?"

"ನಾನ್ ನೆಟ್ಟಗ್ ಯಾವತ್ತಿದ್ದೆ, ಬಗ್ಗಿ ತೋರ್ಸಕ್ಕೆ?" ಅಂದು ಮುದುಕಿ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದಳು.

*

ಬೆಳಿಗ್ಗೆ ಉಮಾಶಂಕರ್ ಪಿಳ್ಳಮ್ಮನನ್ನು ಕರೆತರಲು ರೆಸಾರ್ಟಿನ ಬ್ಯಾಟರಿ ಗಾಡಿ ಕಳಿಸಿದ. ಅವಳು ಅಷ್ಟು ದೂರ ನಡೆಯಲಾರಳು. ಡ್ರೈವರು ಹೊಸಬ, ಹೊಸಕೋಟೆ ಕಡೆಯವನು. ಗಾಡಿ ಹೋಗುವ ದಾರಿ ಒಂದೇ ಎಂದು ಅವನು ನೇರ ಹೆಬ್ಬಾಗಿಲಲ್ಲಿ ನುಗ್ಗಿಸಿದ. ಪಿಳ್ಳಮ್ಮ ಹುಟ್ಟಿದಾಗಿನಿಂದ ಆ ಬಾಗಿಲ ಒಳಗೆ ಕಾಲಿಟ್ಟಿರಲಿಲ್ಲ. ಕತ್ತು ಓರೆ ಮಾಡಿ ಮೇಲಿನ ಕಲ್ಲನ್ನು ನೋಡಿದಳು. ಅದು ಮುಗಿಯುವ ತನಕ ನೋಡಿದಳು.

ಅದನ್ನು ಕಂಡ ಆದಿನಾರಾಯಣಪ್ಪನ ಮುಖ ಬಿಗಿಯಿತು. ಡ್ರೈವರನನ್ನು ಬೈದ. ಬೈದು ಆಗುವುದೇನು, ಮುದುಕಿ ಒಳಗೆ ಬಂದಾಗಿತ್ತು.

ದಿಡ್ಡಿಯ ಮುಂದೆ ಎಲ್ಲರೂ ಸೇರಿದ್ದರು. ಪಾಷಾ, ಅವನ ಆಳುಗಳು, ಭೀಮನಗರದ ಕೂಲಿ ಹೆಂಗಸರು. ತರಬೇತಿಯ ಹುಡುಗಿಯರು ವರಾಂಡದ ಕಂಬಗಳ ಹಿಂದೆ ನಿಂತಿದ್ದರು. ಅವರ ನಡುವೆ ಅಕ್ಷತ. ಉಮಾಶಂಕರ್ ಫೋನು ಹಿಡಿದು ಬಗ್ಗಿ ಮುದುಕಿಯ ಮುಖಕ್ಕೆ ಮುಖ ತಂದ.

"ಅಜ್ಜಿ, ಭಯ ಬೇಡ. ಆಗ ಹೆಂಗ್ ಬರ್ತಿದ್ರೋ ಹಂಗೆ ಒಂದ್ ಸಲ ಬಂದು ತೋರ್ಸಿ, ಸಾಕು."

ಪಿಳ್ಳಮ್ಮ ಕೋಲೂರಿಕೊಂಡು ಹೋಗಿ ನಿಲುವುಗಲ್ಲನ್ನು ಮುಟ್ಟಿದಳು. ಒಂದು ಕೈಯಲ್ಲಿ ಕಲ್ಲು ಹಿಡಿದು, ಇನ್ನೊಂದು ಕೈಯಲ್ಲಿ ಕೋಲನ್ನು ಮೇಲಕ್ಕೆತ್ತಿದಳು. ತೋಳು ಚಾಚಿದಷ್ಟೂ ಎತ್ತಿದಳು. ಕೋಲು ಗಡಗಡ ನಡುಗಿತು.

"ಇಲ್ಲಿಗಂಟ ಇತ್ತು ಬಾಗ್ಲು. ಇನ್ನೂ ಮ್ಯಾಲಕ್ಕೇ ಇತ್ತು, ಕೋಲು ಸಾಲ್ದು. ತಲೆ ಮ್ಯಾಲೆ ದೀಪ ಹೊತ್ಕೊಂಡು ನೆಟ್ಟಗೆ ಬರ್ತಿದ್ದೆ."

ಮುತ್ಯಾಲಮ್ಮ ಅತ್ತೆಯನ್ನೇ ನೋಡಿದಳು. ಬದುಕಿನಲ್ಲಿ ಒಂದು ಸುಳ್ಳು ಹೇಳಿದರೆ ನೂರು ಸಲ ಕೋಟೆಮ್ಮನಿಗೆ ಕೈ ಮುಗಿಯುತ್ತಿದ್ದ ಅತ್ತೆ ಇವಳು.

"ಸುಳ್ಳು!" ಆದಿನಾರಾಯಣಪ್ಪ ಕೂಗಿದ. "ಸುಳ್ಳು ಬೊಗಳ್ತಾಳೆ ಮುದುಕಿ. ಯಾವತ್ತೇ ನೆಟ್ಟಗ್ ಬಂದಿದ್ದೆ ನೀನು? ನಾಯಿ ಥರ ನುಸುಳ್ಕೊಂಡ್ ಬರ್ತಿದ್ರಿ ನಿಮ್ಮೋರೆಲ್ಲ. ಕಣ್ಣಾರೆ ನೋಡಿದೀನಿ ನಾನು!"

ಉಮಾಶಂಕರ್ ತಿರು ತಿರುಗಿ ನೋಡಿದ. ಅವನ ಬೋರ್ಡಿನಲ್ಲಿ ನಾಯಿ ಎಂಬ ಮಾತು ಇರಲಿಲ್ಲ.

ಪಿಳ್ಳಮ್ಮ ಕೋಲು ಇಳಿಸಿದಳು. ಕತ್ತು ಓರೆ ಮಾಡಿ ಆದಿನಾರಾಯಣಪ್ಪನ ಮುಖವನ್ನು ಹುಡುಕಿ ಹಿಡಿದಳು. "ನೋಡಿದ್ಯಾ? ನೋಡಿದ್ರೆ ನೀನೇ ತೋರ್ಸಪ್ಪ. ಎಷ್ಟು ಬಗ್ತಿದ್ವಿ?"

ನೀನು ಅಂದಳು. ಎಂಬತ್ತು ವರ್ಷ ಸ್ವಾಮಿ, ಧಣಿ, ಪಟೇಲ್ರೇ ಅಂದ ಬಾಯಿ. ಗಾರೆ ಕಲಸುವ ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಏನಂದೆ? ಏನಂದೆ ನೀನು?"

"ನನ್ ಬೆನ್ನು ಹಿಂಗೇ ನಿಂತೋಗದೆ. ಬಗ್ಗಕ್ಕೂ ಆಗಲ್ಲ, ಏಳಕ್ಕೂ ಆಗಲ್ಲ. ನಂಗೆ ಮರ್ತೋಯ್ತು. ನಿಂಗೆ ಜ್ಞಾಪಕ ಇದ್ರೆ ಬಗ್ಗಿ ತೋರ್ಸು. ಮೇಸ್ತ್ರಿ ಕಾಯ್ತಾ ಅವ್ರೆ."

ಆದಿನಾರಾಯಣಪ್ಪನ ಕತ್ತಿನ ನರ ಉಬ್ಬಿತು. ಸುಳ್ಳು ಗೆಲ್ಲುತ್ತಿತ್ತು. ಇಷ್ಟು ಜನರೆದುರು ಒಂದು ಹೊಲಗೇರಿಯ ಮುದುಕಿ ಅವನ ಕೋಟೆಯ ಚರಿತ್ರೆಯನ್ನು ತಿರುಚುತ್ತಿದ್ದಳು. ಅದನ್ನು ಸುಳ್ಳೆಂದು ತೋರಿಸುವ ಆವೇಶದಲ್ಲಿ ಅವನಿಗೆ ಬೇರೇನೂ ಕಾಣಲಿಲ್ಲ.

"ತೋರ್ಸ್ತೀನಿ ಕಣೆ! ಮೇಸ್ತ್ರಿ, ನೋಡ್ಕೊ. ಹಿಂಗೆ ಬರ್ತಿದ್ರು ಇವ್ರು. ಹಿಂಗೆ!" ಅವನು ದಿಡ್ಡಿಯ ಮುಂದೆ ಬಗ್ಗಿದ.

"ಅಷ್ಟು ಸಾಲ್ದು ಪಟೇಲ್ರೇ" ಅಂದಳು ಮುತ್ಯಾಲಮ್ಮ. ತನ್ನ ದನಿ ಅಷ್ಟು ತಣ್ಣಗಿದ್ದದ್ದು ಅವಳಿಗೇ ಆಶ್ಚರ್ಯವಾಯಿತು. "ಇನ್ನೂ ಬಗ್ಬೇಕು. ಅಂಗೈ ನೆಲಕ್ಕೆ ಊರ್ಬೇಕು."

"ಗೊತ್ತು ಕಣೆ ನಂಗೆ!" ಅವನು ಅಂಗೈ ಊರಿದ.

"ಮೊಣಕಾಲು."

ಅವನು ಮೊಣಕಾಲೂ ಊರಿದ. ತಲೆ ಮುಂದೆ ಚಾಚಿ ದಿಡ್ಡಿಯ ಒಳಕ್ಕೆ ತೂರಿಸಿದ. ಅಲ್ಲೇ ತೆವಳುತ್ತಾ, "ಹಿಂಗೆ! ನೋಡಿದ್ರಾ? ಹಿಂಗೆ ಬರ್ತಿದ್ರು!" ಅಂತ ಕೂಗಿದ.

ಮುನಾವರ್ ಪಾಷಾ ಮುಂದೆ ಬಂದ. ಟೇಪಿನ ನಾಲಿಗೆಯನ್ನು ಸರ್ರನೆ ಎಳೆದು ಬಿಳಿ ಶರ್ಟಿನ ಬೆನ್ನ ಮೇಲೆ ಹಿಡಿದ.

"ಹಾಂ, ಬರೋಬ್ಬರಿ. ಹಂಗೇ ಇರಿ ಸಾಬ್. ಅಲ್ಲಾಡ್ಬೇಡಿ. ಅಳತೆ ತಗೊಂಡ್ಬಿಡ್ತೀನಿ."

ಆಗ ನಗು ಸಿಡಿಯಿತು. ಮೊದಲು ಕಂಬದ ಹಿಂದಿನ ಹುಡುಗಿಯರು, ಆಮೇಲೆ ಗಾರೆ ಹೆಂಗಸರು, ಆಮೇಲೆ ಡ್ರೈವರು. ಆದಿನಾರಾಯಣಪ್ಪನಿಗೆ ತಾನೆಲ್ಲಿದ್ದೇನೆ ಎಂದು ಗೊತ್ತಾಯಿತು. ಏಳಲು ನೋಡಿದ; ಕಾಲು ಬರಲಿಲ್ಲ. ಯಾರೂ ಕೈ ಕೊಡಲಿಲ್ಲ. ಕೊನೆಗೆ ಉಮಾಶಂಕರ್ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ಬಿಳಿ ಪಂಚೆಯ ಮೊಣಕಾಲಲ್ಲಿ ಕೆಂಪು ಮಣ್ಣಿನ ಎರಡು ಗುಂಡನೆಯ ಕಲೆ. ಮುತ್ಯಾಲಮ್ಮನ ಪ್ರತಿಯೊಂದು ಸೀರೆಯ ಮೇಲೂ ಒಂದು ಕಾಲಕ್ಕೆ ಇದ್ದ ಕಲೆ ಅದು.

"ಮೇಸ್ತ್ರಿ, ಎಷ್ಟು ಬಂತು?" ಅಂದ ಆದಿನಾರಾಯಣಪ್ಪ. ಇನ್ನೂ ಬಿಟ್ಟಿರಲಿಲ್ಲ!

ಪಾಷಾ ಟೇಪನ್ನು ಬಿಟ್ಟ. ಅದು ಟಪ್ಪೆಂದು ಡಬ್ಬಿಯೊಳಗೆ ಸೇರಿತು. "ನೋಡ್ಲಿಲ್ಲ ಸಾಬ್. ಇನ್ನೊಂದ್ ಸಲ ಬಗ್ತೀರಾ?"

"ಇವ್ರು ಯಾರೂ ನಾಳೆಯಿಂದ ಇಲ್ಲಿ ಕಾಲಿಡಂಗಿಲ್ಲ!" ಅವನ ಬಾಯಿಂದ ಎಂಜಲು ಹಾರಿತು. "ಬಿಹಾರದೋರನ್ನ ತರಿಸ್ತೀನಿ. ಇವತ್ತೇ ಕಲ್ಲು ಇಳಿಸ್ತೀನಿ."

"ಇಳ್ಸಿ. ಎಷ್ಟಕ್ಕೆ ಅಂತ ಅವರಿಗೂ ಹೇಳ್ಬೇಕಲ್ಲ" ಅಂದ ಪಾಷಾ. ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡ. "ನಾನು ಕೂರ್ಸಿದ ಕಲ್ಲು ನಾನು ಇಳಿಸಲ್ಲ."

ಕಂಬದ ಹಿಂದಿನಿಂದ ಅಕ್ಷತ ಬಂದಳು. ಎದೆಯ ಮೇಲಿನ ಬಿಲ್ಲೆ ಕಿತ್ತು ಉಮಾಶಂಕರನ ಕೈಗೆ ಕೊಟ್ಟಳು. "ಸಾರ್, ಹಿಂಗೆ ಬರೋಕೆ ನಂಗೆ ಬರಲ್ಲ. ಪಟೇಲ್ರಿಗೆ ಚೆನ್ನಾಗ್ ಬರುತ್ತೆ, ಅವ್ರನ್ನೇ ಇಟ್ಕೊಳಿ."

ಬ್ಯಾಟರಿ ಗಾಡಿ ಮತ್ತೆ ಸಿಗಲಿಲ್ಲ. ತಾಯಿ ಮಗಳು ಎರಡು ಕಡೆ ಹಿಡಿದುಕೊಂಡರು, ಮುದುಕಿ ನಡುವೆ. ದಿಡ್ಡಿ ಹತ್ತಿರವಿತ್ತು, ಎತ್ತರವೂ ಇತ್ತು. ಮುತ್ಯಾಲಮ್ಮ ಅದರ ಕಡೆ ತಿರುಗಲಿಲ್ಲ. ಹೆಬ್ಬಾಗಿಲಿಗೆ ನಡೆದಳು. ಕಾವಲಿನವನು ಕೈ ಅಡ್ಡ ಹಿಡಿದ, ಹಿಂದೆ ಬರುತ್ತಿದ್ದ ಹೆಂಗಸರ ಸಾಲು ನೋಡಿ ಕೈ ಇಳಿಸಿದ. ಹಿಂದಿನ ಸಾಲಿನಲ್ಲಿ ಎಲ್ಲರೂ ನಗುತ್ತಿರಲಿಲ್ಲ. "ಇವಳ ಗಾಂಚಲಿಗೆ ನಮ್ ಕೂಲೀನೂ ಹೋಯ್ತು" ಅಂತ ಒಬ್ಬಳು ಗೊಣಗಿದಳು. ಅದೂ ನಿಜವೇ. ಮುತ್ಯಾಲಮ್ಮ ಕೇಳಿಸಿಕೊಂಡಳು. ಕೇಳಿಸಿಕೊಂಡೂ ತಲೆ ಎತ್ತಿಯೇ ನಡೆದಳು.

ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕುತ್ತಿದ್ದಳು. ನಾಳೆ ಏನು? ಬಿಹಾರದವರು ಬರಬಹುದು. ಆದಿನಾರಾಯಣಪ್ಪ ಪೊಲೀಸರಿಗೆ ಹೇಳಬಹುದು. ಮನೆಯಲ್ಲಿ ಅಕ್ಕಿ ಎಷ್ಟಿದೆ? ಯೋಚನೆಯ ಮೇಲೆ ಯೋಚನೆ, ಕಾಲು ಮಾತ್ರ ನಿಲ್ಲಲಿಲ್ಲ. ಭೀಮನಗರ ಬಂತು, ಅಂಗಳ ಬಂತು. ಅತ್ತೆಯನ್ನು ಕಲ್ಲಿನ ಮೇಲೆ ಕೂರಿಸಿ, ನೀರು ತರಲು ಅವಸರದಲ್ಲಿ ಮನೆಯೊಳಗೆ ನುಗ್ಗಿದಳು.

ಢಣ್ಣೆಂದು ಹಣೆಗೆ ಬಡಿಯಿತು. ಕಣ್ಣು ಕತ್ತಲಿಟ್ಟಿತು. ಅವಳು ಅಲ್ಲೇ ಹೊಸ್ತಿಲ ಮೇಲೆ ಕುಕ್ಕರಿಸಿದಳು.

ಅವಳು ಮದುವೆಯಾಗಿ ಬಂದ ದಿನದಿಂದ ಆ ಬಾಗಿಲು ಅಷ್ಟೇ ಎತ್ತರ. ಒಂದು ದಿನವೂ ತಲೆಗೆ ತಾಗಿರಲಿಲ್ಲ.

"ಬಗ್ಗಿ ಹೋಗ್ಬಾರ್ದೇನೇ!" ಅಂದಳು ಪಿಳ್ಳಮ್ಮ ಗಾಬರಿಯಿಂದ. ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಅಕ್ಷತ ಓಡಿಬಂದು ತಾಯಿಯ ಹಣೆ ಉಜ್ಜಿದಳು. ಬುಗುಟೆ ಆಗಲೇ ಏಳುತ್ತಿತ್ತು. ನೋವಿಗೆ ಮುತ್ಯಾಲಮ್ಮನ ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲೇ ಅವಳಿಗೆ ನಗು ಬಂತು, ಬಂದದ್ದು ನಿಲ್ಲಲೇ ಇಲ್ಲ. ಮಗಳು ಹೆದರಿ ನೋಡುತ್ತಿದ್ದಳು.

"ಅಕ್ಷತಾ" ಅಂದಳು ಮುತ್ಯಾಲಮ್ಮ, ಬಾಗಿಲ ಮೇಲಿನ ಕಲ್ಲನ್ನೇ ನೋಡುತ್ತಾ. "ಆ ಹಾರೆ ತಗೊಂಡ್ ಬಾ."